ಹೆಸರು ಇಟಲಿಯದು, ಅಡುಗೆ ಅವಸರದ್ದು

ಬೆಂಗಳೂರಿನ ಇಂದಿರಾನಗರದಲ್ಲಿ, 100 ಅಡಿ ರಸ್ತೆಯಿಂದ ಸ್ವಲ್ಪ ಒಳಗಿರುವ ಈ ಇಟಾಲಿಯನ್ ರೆಸ್ಟೊರೆಂಟ್ ಬಗ್ಗೆ ಬರೆಯುವ ಮುನ್ನ ಇನ್ನೊಮ್ಮೆ ಹೋಗಿ ಉಂಡು ನೋಡಬೇಕೆಂದು ಕಾದಿದ್ದೆ. ಒಂದು ದಿನ ಅಡುಗೆ ಕೆಡುವುದು ಯಾವ ಹೋಟೆಲಿನಲ್ಲಾದರೂ ಆಗಬಹುದು. ಆದರೆ ಕಾಲಿಡಲು ಜಾಗವಿಲ್ಲದ ಶನಿವಾರದ ರಾತ್ರಿ ಕಂಡ ಕೊರತೆಗಳೇ, ಮುಕ್ಕಾಲುಪಾಲು ಮೇಜುಗಳು ಖಾಲಿಯಿದ್ದ ವಾರದ ನಡುವಿನ ಮಧ್ಯಾಹ್ನವೂ ಎದುರಾದವು. ಹಾಗಾಗಿ ಇದು ಜನಸಂದಣಿಯಿಂದಾದ ಎಡವಟ್ಟಲ್ಲ, ಅಡುಗೆಮನೆಯ ಪದ್ಧತಿಯಲ್ಲೇ ಸೇರಿಹೋಗಿರುವ ಉದಾಸೀನ ಎಂದು ಬೇಸರದಿಂದಲೇ ಹೇಳಬೇಕಾಗಿದೆ.

ಹೆಚ್ಚು ನಿರಾಸೆ ತಂದದ್ದು ಅಣಬೆಯ ರಿಸೊಟ್ಟೊ. ಇದು ಉತ್ತರ ಇಟಲಿಯ, ಪೊ ನದಿಯ ಬಯಲಿನ ಭತ್ತದ ಸೀಮೆಯ ಅಡುಗೆ. ಆರ್ಬೋರಿಯೊ ಅಥವಾ ಕಾರ್ನರೋಲಿ ಅಕ್ಕಿಯನ್ನು ಬೆಣ್ಣೆಯಲ್ಲಿ ಹುರಿದು, ತರಕಾರಿ ಬೇಯಿಸಿ ಸೋಸಿದ ಬಿಸಿ ಕಟ್ಟನ್ನು ಸೌಟು ಸೌಟಾಗಿ ಸುರಿಯುತ್ತ, ಕೈಯಾಡಿಸುತ್ತ ಸುಮಾರು 18 ನಿಮಿಷ ಬೇಯಿಸಿದರೆ, ಅಕ್ಕಿಯಿಂದ ಹೊರಬರುವ ಪಿಷ್ಟವೇ ಅದಕ್ಕೆ ನುಣುಪನ್ನು ಕೊಡುತ್ತದೆ. ಕೊನೆಯಲ್ಲಿ ಒಲೆಯಿಂದ ಇಳಿಸಿ ತಣ್ಣನೆಯ ಬೆಣ್ಣೆಯನ್ನೂ ತುರಿದ ಚೀಸನ್ನೂ ಬೆರೆಸುತ್ತಾರೆ. ತಟ್ಟೆಯನ್ನು ಓರೆ ಮಾಡಿದರೆ ಅನ್ನ ನಿಧಾನವಾಗಿ ಹರಿಯಬೇಕು, ಅಗುಳಿನ ನಡುವೆ ಕಚ್ಚಲು ಒಂದಿಷ್ಟು ಬಿಗಿ ಉಳಿದಿರಬೇಕು. ನಮ್ಮ ಮುಂದೆ ಬಂದದ್ದು ಆರಿದ ಬಿಸಿಬೇಳೆಬಾತಿನಂತೆ ಗಟ್ಟಿಕಟ್ಟಿತ್ತು. ಅಗುಳು ಕರಗಿಹೋಗಿತ್ತು, ಅದನ್ನು ಸಡಿಲಗೊಳಿಸಲು ಸುರಿದ ಕ್ರೀಮು ಅಣಬೆಯ ಪರಿಮಳವನ್ನು ಪೂರ್ತಿ ಮುಚ್ಚಿಹಾಕಿತ್ತು. ಅಕ್ಕಿಯನ್ನು ಮುಂಚೆಯೇ ಅರ್ಧ ಬೇಯಿಸಿ, ಅಗಲವಾದ ತಟ್ಟೆಗಳಲ್ಲಿ ಹರಡಿ ಆರಿಸಿಟ್ಟುಕೊಂಡು, ಆರ್ಡರ್ ಬಂದಮೇಲೆ ಉಳಿದರ್ಧವನ್ನು ಮುಗಿಸುವ ರೂಢಿ ಒಳ್ಳೆಯ ಹೋಟೆಲುಗಳಲ್ಲೂ ಇದೆ. ನೂರಾರು ಜನರಿಗೆ ಬಡಿಸುವವರು ಹಾಗೆ ಮಾಡುವುದನ್ನು ನಾನು ತಪ್ಪೆನ್ನಲಾರೆ. ಆದರೆ ಪೂರ್ತಿ ಬೆಂದ ಅನ್ನವನ್ನು ಕ್ರೀಮಿನಲ್ಲಿ ಬಿಸಿಮಾಡಿ, ಏಳುನೂರು ರೂಪಾಯಿಗೂ ಮೀರಿದ ಬೆಲೆಗೆ ರಿಸೊಟ್ಟೊ ಎಂದು ಕೊಡುವುದನ್ನು ಒಪ್ಪಲಾಗದು.

ಎರಡನೆಯ ಭೇಟಿಯಲ್ಲಿ ಕಾಚೊ ಎ ಪೆಪೆ ತರಿಸಿದೆವು. ರೋಮ್ ಕಡೆಯ ಈ ಪಾಸ್ತಾಕ್ಕೆ ಬೇಕಾಗುವುದು ಪೆಕೊರಿನೊ ರೊಮಾನೊ ಎಂಬ ಕುರಿಹಾಲಿನ ಚೀಸು, ಕರಿಮೆಣಸು ಮತ್ತು ಪಾಸ್ತಾ ಬೆಂದ ನೀರು ಮಾತ್ರ. ಆ ನೀರಿನ ಪಿಷ್ಟದಲ್ಲಿ ಚೀಸು ಹದವಾಗಿ ಬೆರೆತರೆ ಎಣ್ಣೆ, ಕ್ರೀಮು ಯಾವುದೂ ಇಲ್ಲದೆ ಸಾಸ್ ಸಿದ್ಧವಾಗುತ್ತದೆ; ಶಾಖ ಸ್ವಲ್ಪ ಹೆಚ್ಚಾದರೂ ಚೀಸು ಒಡೆದು ಗಂಟುಕಟ್ಟುತ್ತದೆ. ಕಷ್ಟದ ಅಡುಗೆಯೇ ಸರಿ, ಆದ್ದರಿಂದ ಅಲ್ಲಲ್ಲಿ ಕಂಡ ಗಂಟುಗಳನ್ನು ನಾನು ದೊಡ್ಡದು ಮಾಡುವುದಿಲ್ಲ. ಕ್ಷಮಿಸಲಾಗದ್ದು ಮೆಣಸಿನ ವಿಷಯ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳ ಮರಮರಕ್ಕೂ ಮೆಣಸಿನ ಬಳ್ಳಿ ಹಬ್ಬಿರುವ ರಾಜ್ಯದ ರಾಜಧಾನಿಯಲ್ಲಿ, ಹೆಸರಿನಲ್ಲೇ ಮೆಣಸನ್ನು ಹೊತ್ತ ಅಡುಗೆಗೆ ಘಮವೆಲ್ಲ ಆರಿಹೋದ ಹಳೆಯ ಪುಡಿಯನ್ನು ಉದುರಿಸಿದ್ದರು. ಒಂದು ಹಿಡಿ ಕಾಳನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆಗಲೇ ಕುಟ್ಟಿ ಹಾಕಲು ವಿದೇಶದಿಂದ ಏನನ್ನೂ ತರಿಸಬೇಕಿಲ್ಲ.

ಪಿಜ್ಜಾ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೆನುವಿನಲ್ಲಿ ಅದನ್ನು ನೇಪಲ್ಸ್ ಶೈಲಿಯದೆಂದು ಬರೆದಿದ್ದಾರೆ. ಆ ಊರಿನಲ್ಲಿ 1984ರಲ್ಲಿ ಹುಟ್ಟಿದ ಪಿಜ್ಜಾ ಸಂಘದ ನಿಯಮದಂತೆ ಕಟ್ಟಿಗೆಯ ಒಲೆಯಲ್ಲಿ 60ರಿಂದ 90 ಸೆಕೆಂಡಿನೊಳಗೆ ಬೇಯುವ, ಅಂಚು ಉಬ್ಬಿ ನಡುಭಾಗ ಮೆತ್ತಗಿರುವ ರೊಟ್ಟಿ ಅದು. ಇಲ್ಲಿನದು ಅಂಚಿನಿಂದ ಅಂಚಿಗೆ ಒಂದೇ ಸಮನೆ ಒಣಗಿ ಗರಿಗರಿಯಾಗಿತ್ತು, ಟೊಮೆಟೊ ಸಾಸ್ ಸಿಹಿಯಾಗಿತ್ತು. ಗರಿಗರಿ ಪಿಜ್ಜಾವನ್ನು ಇಷ್ಟಪಡುವವರಿದ್ದಾರೆ. ಹಾಗಿದ್ದರೆ ನೇಪಲ್ಸ್ ಹೆಸರನ್ನು ಬಿಟ್ಟುಬಿಡಬೇಕಿತ್ತು. ನಮಗೆ ಮನಸ್ಸಿಗೆ ಹಿಡಿಸಿದ್ದು, ಒಳಗೆ ಕೆನೆ ತುಂಬಿದ ಹಸಿ ಚೀಸಾದ ಬುರಾಟಾ ಒಂದೇ, ತಾಜಾ ಆಗಿತ್ತು. ವಲ್ಲೊಂಬ್ರೊಸಾ ಪಂಥದ ಬೆನೆಡಿಕ್ಟೈನ್ ಕ್ರೈಸ್ತ ಸನ್ಯಾಸಿಗಳು ಬೆಂಗಳೂರಿನಲ್ಲೇ ಇಟಾಲಿಯನ್ ಚೀಸುಗಳನ್ನು ತಯಾರಿಸುತ್ತ ಬಂದು ವರ್ಷಗಳೇ ಆಗಿವೆ. ಒಳ್ಳೆಯ ಹಸಿ ಚೀಸು ಈ ಊರಿಗೆ ಅಪರೂಪವಲ್ಲ.

ರುಚಿಯ ಮಾತು ಹೇಗೂ ಇರಲಿ, ಮರೆಯಲಾಗದ ತಕರಾರು ಇನ್ನೊಂದಿದೆ. ನನ್ನೊಂದಿಗೆ ಬಂದಿದ್ದ ಅತ್ತಿಗೆ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ರಿಸೊಟ್ಟೊ, ಕಾಚೊ ಎ ಪೆಪೆ ಎರಡರ ಮುಂದೆಯೂ ಮೆನುವಿನಲ್ಲಿ ಹಸಿರು ಚುಕ್ಕೆಯಿತ್ತು. ಜೊತೆಗೆ ಇಟಲಿಯಿಂದ ತರಿಸಿದ ಪಾರ್ಮಿಜಾನೊ ರೆಜ್ಜಾನೊ, ಪೆಕೊರಿನೊ ರೊಮಾನೊ ಬಳಸುತ್ತೇವೆಂದು ದೊಡ್ಡದಾಗಿ ಬರೆದಿತ್ತು. ಪಾರ್ಮಿಜಾನೊ ಹೆಸರಿನ ಚೀಸನ್ನು ಹಾಲು, ಉಪ್ಪು ಮತ್ತು ಎಳೆಗರುವಿನ ಜಠರದಿಂದ ತೆಗೆದ, ಹಾಲನ್ನು ಹೆಪ್ಪುಗಟ್ಟಿಸುವ ರೆನೆಟ್‌ನಿಂದಲೇ ಮಾಡಬೇಕೆಂಬ ಕಟ್ಟುನಿಟ್ಟಿನ ನಿಯಮವಿದೆ. ಪೆಕೊರಿನೊ ರೊಮಾನೊಗೆ ಕುರಿಮರಿಯ ರೆನೆಟ್ ಬಳಸುತ್ತಾರೆ. ಸೂಕ್ಷ್ಮಾಣುಜೀವಿಗಳಿಂದ ಪಡೆದ ರೆನೆಟ್ ಬಳಸಿ ಅದೇ ಬಗೆಯ ಗಟ್ಟಿ ಚೀಸು ಮಾಡುವವರೂ ಇದ್ದಾರೆ, ಆದರೆ ಅದನ್ನು ಆ ಹೆಸರಿನಿಂದ ಮಾರುವಂತಿಲ್ಲ. ಹಾಗಾದರೆ ಇಲ್ಲಿ ಬಳಸುವುದು ಯಾವುದು ಎಂದು ಕೇಳಿದಾಗ ಬಡಿಸುತ್ತಿದ್ದ ಹುಡುಗ, “ಚೀಸು ಹಾಲಿನದೇ ಅಲ್ವಾ ಮೇಡಂ, ವೆಜ್ಜೇ” ಎಂದ. ಅವನದು ತಪ್ಪಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಒಳಗೆ ಹೋಗಿ ವಿಚಾರಿಸಿ ಬಂದ ಮ್ಯಾನೇಜರ್ ಸಹ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು. ಬಿಸ್ಕತ್ತು ಸೇರಿಸಿ ಮಾಡುವ ಟಿರಾಮಿಸು ಎಂಬ ಸಿಹಿತಿನಿಸಿನಲ್ಲಿ ಮೊಟ್ಟೆಯಿದೆಯೇ ಎಂಬ ಪ್ರಶ್ನೆಗೂ ಮೊದಲು “ಇಲ್ಲ” ಎಂಬ ಉತ್ತರ ಬಂತು, ಮತ್ತೆ ಕೇಳಿದಾಗ “ಬಿಸ್ಕತ್ತಿನಲ್ಲಿ ಇರಬಹುದು” ಎಂದಾಯಿತು. ಅತ್ತಿಗೆ ತಿನ್ನದೆ ತಟ್ಟೆ ಸರಿಸಿದರು. ಕರ್ನಾಟಕದಲ್ಲಿ ಅನೇಕ ಮನೆಗಳವರಿಗೆ ಇದು ನಂಬಿಕೆಯ ಪ್ರಶ್ನೆ. ಆ ಚುಕ್ಕೆಯನ್ನು ನಂಬಿಯೇ ಅವರು ಹೊರಗೆ ಉಣ್ಣುತ್ತಾರೆ. ತಾನು ಹಾಕಿದ ಚುಕ್ಕೆಯ ಅರ್ಥವನ್ನು ಅಡುಗೆಮನೆ ತಿಳಿದಿರಲೇಬೇಕು.

ಬಿಲ್ಲಿನಲ್ಲಿ ಶೇ 10ರಷ್ಟು ಸೇವಾ ಶುಲ್ಕವನ್ನು ಕೇಳದೆಯೇ ಸೇರಿಸಿದ್ದರು. ಹಾಗೆ ತಾನಾಗಿ ಸೇರಿಸಕೂಡದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ತಿಳಿಸಿದ ಮೇಲೆ ತೆಗೆದುಹಾಕಿದರು ಎಂಬುದನ್ನೂ ಹೇಳಬೇಕು. ಹೋಗಲೇಬೇಕೆನ್ನುವವರು ಬುರಾಟಾ ತರಿಸಿಕೊಳ್ಳಿ, ಬಿಲ್ಲನ್ನು ಓದಿ ಹಣ ಕೊಡಿ. ಸಸ್ಯಾಹಾರಿಗಳಾದ ಹಿರಿಯರನ್ನು ಕರೆದೊಯ್ಯುವವರು, ಚೀಸಿನ ಪೊಟ್ಟಣದ ಮೇಲಿನ ಬರಹವನ್ನು ತೋರಿಸಿ ಎಂದು ಮೊದಲೇ ಕೇಳುವುದು ಒಳ್ಳೆಯದು. ತೋರಿಸದಿದ್ದರೆ ಅಲ್ಲಿ ಪಾಸ್ತಾವನ್ನೂ ರಿಸೊಟ್ಟೊವನ್ನೂ ಅವರಿಗೆ ತರಿಸಬೇಡಿ.