ಮೂರು ಮಳೆಗಾಲ ಕಂಡ ಹೊಲಿಗೆ ಮಶೀನು

ಸೋಮವಾರಪೇಟೆಯಲ್ಲಿ ನಮ್ಮ ಮನೆ. ಹಳೆ ಸೀರೆ, ಪಂಚೆ ಸೇರಿಸಿ ಕೌದಿ ಹೊಲಿಯುತ್ತೇನೆ, ರವಿಕೆಗೆ ಕಸೂತಿ ಹಾಕಿ ಕೊಡುತ್ತೇನೆ. ಮೂರು ವರ್ಷದ ಹಿಂದೆ ಮೈಸೂರಿನಿಂದ 14,000 ರೂಪಾಯಿಗೆ ಕರೆಂಟಿನ ಝಿಗ್‌ಝಾಗ್ ಮಶೀನು ತಂದೆ. ಅಂಗಡಿಯವರು ಅರ್ಧ ಗಂಟೆ ಇಪ್ಪತ್ತೊಂದು ಬಗೆಯ ಹೊಲಿಗೆಯನ್ನೇ ತೋರಿಸಿದರು. ಇವತ್ತಿಗೂ ನಾನು ಬಳಸುವುದು ನೇರ ಹೊಲಿಗೆ, ಝಿಗ್‌ಝಾಗ್, ಕಾಜ, ಅಷ್ಟೇ.

ನೋಡಬೇಕಾಗಿದ್ದದ್ದು ಸೂಜಿಯಿಂದ ಬಲಗಡೆಯ ಕಂಬದವರೆಗಿನ ಜಾಗ. ನನ್ನದರಲ್ಲಿ ಅದು ಆರೂವರೆ ಇಂಚು. ರವಿಕೆಗೆ ಧಾರಾಳವಾಯಿತು. 60ಕ್ಕೆ 90 ಇಂಚಿನ ಕೌದಿಯನ್ನು ಅರ್ಧ ಸುತ್ತಿ ಒಳಗೆ ತೂರಿಸಿದರೆ ಮಾತ್ರ ಕೈಯಾಡಿಸಲು ಎಡೆಯೇ ಇಲ್ಲ. ಸುರುಳಿ ಕಂಬಕ್ಕೆ ಒತ್ತಿಕೊಂಡು ಬಟ್ಟೆ ಸಾಗುವುದಿಲ್ಲ, ಹೊಲಿಗೆಯೆಲ್ಲ ಒಂದೇ ಕಡೆ ಗಂಟುಗಟ್ಟುತ್ತದೆ. ಮೊದಲ ಕೌದಿಗೆ ನಾಲ್ಕು ಸೂಜಿ ಮುರಿದವು. ಕೌದಿಗೆ ಬೇಕು ಎಂದು ಹೇಳಿಯೇ ಕೊಂಡಿದ್ದೆ. ಅಂಗಡಿಯಲ್ಲಿ ಒಬ್ಬರೂ ಈ ಮಾತು ಎತ್ತಲಿಲ್ಲ ಎಂಬ ಸಿಟ್ಟು ಇನ್ನೂ ಆರಿಲ್ಲ. ಕೊಳ್ಳುವವರು ಮನೆಯಿಂದ ಒಂದು ರಗ್ಗು ಒಯ್ದು, ಸುತ್ತಿ, ಮಶೀನಿನ ಆ ಜಾಗದೊಳಗೆ ತೂರಿಸಿಯೇ ನೋಡಿ.

ಈಗ ಕೌದಿಯ ನಡುವಿನಿಂದ ಶುರು ಮಾಡಿ ಅಂಚಿಗೆ ಬರುತ್ತೇನೆ. 16ನೇ ನಂಬರಿನ ದಪ್ಪ ಸೂಜಿ, ಉದ್ದನೆಯ ಹೊಲಿಗೆ. ಬಟ್ಟೆಯನ್ನು ಮೇಲಿನಿಂದ ಒತ್ತಿ ಹಿಡಿಯುವ ಪಾದದ ಬದಲು ಹಾಕುವ ವಾಕಿಂಗ್ ಫೂಟ್ ಬೇರೆಯಾಗಿ ಕೊಂಡೆ. ಬಟ್ಟೆಯನ್ನು ಮುಂದೆ ಸಾಗಿಸುವ ಕೆಳಗಿನ ಹಲ್ಲಿನ ಜೊತೆಗೆ ಅದು ಮೇಲಿನ ಪದರವನ್ನೂ ಎಳೆಯುವುದರಿಂದ ಸುಕ್ಕು ಬೀಳುವುದು ನಿಂತಿತು.

ಜೂನ್ ಬಂತೆಂದರೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು. ಹತ್ತಿಯ ನವಿರು ಸೂಜಿಯ ತಟ್ಟೆಯಡಿ ಕೂತು, ತೇವ ಹೀರಿ ಕಂಬಳಿ ತುಂಡಿನ ಹಾಗೆ ಗಟ್ಟಿಯಾಗುತ್ತದೆ. ರಾತ್ರಿ ಊಟವಾದ ಮೇಲೆ ತಟ್ಟೆ ಬಿಚ್ಚಿ, ಕೆಳಗಿನ ದಾರದ ಉಂಡೆ ಕೂರುವ ಬಾಬಿನ್ ಕೇಸ್ ತೆಗೆದು, ಬ್ರಷ್ಷಿನಿಂದ ಅದನ್ನು ಕೆರೆದು ತೆಗೆಯುತ್ತೇನೆ. ಅದರ ಸುತ್ತ ತಿರುಗುವ ಶಟಲ್ಲಿಗೆ ಒಂದೇ ಹನಿ ಎಣ್ಣೆ ಬಿಟ್ಟು, ಕೈಯಲ್ಲಿ ಚಕ್ರ ತಿರುಗಿಸಿ, ಹಳೇ ಬಟ್ಟೆಯ ಮೇಲೆ ನಾಲ್ಕು ಗೆರೆ ಹೊಲಿಯುತ್ತೇನೆ. ಮಿಕ್ಕ ಎಣ್ಣೆ ಅದಕ್ಕೆ ಹತ್ತಿಕೊಳ್ಳುತ್ತದೆ. ಕಿರುಗುಟ್ಟುವುದು ನಿಂತು ಸಣ್ಣ ಟಕಟಕ ಕೇಳಿದಾಗ ಮನಸ್ಸಿಗೂ ಹಾಯೆನಿಸುತ್ತದೆ. ಮೂರು ಮಳೆಗಾಲದಲ್ಲಿ ತುಕ್ಕು ಹಿಡಿದಿಲ್ಲ.

ಇದನ್ನು ಮಾರದೆ ಇಟ್ಟುಕೊಂಡದ್ದು ಕಸೂತಿಗಾಗಿ. ಕಂಪ್ಯೂಟರ್ ಕಸೂತಿ ಮಶೀನು ನನ್ನ ಕೈಗೆಟುಕುವ ಬೆಲೆಯದ್ದಲ್ಲ. ಇದರಲ್ಲಿ ಹಲ್ಲು ಕೆಳಗಿಳಿಸುವ ಒಂದು ಗುಂಡಿ ಇದೆ. ಅದನ್ನು ಸರಿಸಿ, ಬಟ್ಟೆಯನ್ನು ಬಿಗಿಯಾಗಿ ಒತ್ತದ ಡಾರ್ನಿಂಗ್ ಫೂಟ್ ಹಾಕಿ, ಬಟ್ಟೆಯನ್ನು ರಿಂಗಿಗೆ ಬಿಗಿದರೆ ಅದು ಯಾವ ಕಡೆಗಾದರೂ ಸರಿಯುತ್ತದೆ. ಹೊಲಿಗೆ ಎಷ್ಟುದ್ದ, ಎತ್ತ ಎಂಬುದೆಲ್ಲ ನನ್ನ ಕೈಯದ್ದೇ. ರೇಯಾನ್ ದಾರಕ್ಕೆ ಮೇಲಿನ ಬಿಗಿ ಸ್ವಲ್ಪ ಸಡಿಲಿಸಬೇಕು, ಇಲ್ಲದಿದ್ದರೆ ಬಾಬಿನ್ ದಾರ ಮೇಲೆ ಇಣುಕುತ್ತದೆ. ಕಳೆದ ವರ್ಷ ಕಾಫಿ ಹೂ ಬಿಟ್ಟಾಗ ಒಂದು ರೆಂಬೆ ತಂದು ಪಕ್ಕದಲ್ಲಿಟ್ಟುಕೊಂಡು, ಹಸಿರು ರವಿಕೆಯ ತೋಳಿಗೆ ಎಲೆಬುಡದ ಆ ಬಿಳಿ ಗೊಂಚಲನ್ನೇ ಹಾಕಿದೆ. ಪಕ್ಕದ ಮನೆಯ ಹುಡುಗಿ ಮೂಗು ಹತ್ತಿರ ತಂದು, "ಅಕ್ಕಾ, ಪರಿಮಳ ಬಂದ ಹಾಗಾಯ್ತು" ಅಂದಳು.

ಕೌದಿಗೆ ಒಂಬತ್ತು ಇಂಚು ಜಾಗವಿರುವ ಮಶೀನಿಗೆಂದು ದುಡ್ಡು ಕೂಡಿಡುತ್ತಿದ್ದೇನೆ. ಅದು ಬಂದ ಮೇಲೂ ಇದು ಕಿಟಕಿಯ ಪಕ್ಕದಲ್ಲೇ ಇರುತ್ತದೆ.