ಎಳೆಗೂಸಿನ ಬಟ್ಟೆಗೆ ಒಳ್ಳೆಯ ಅಂಗಡಿ, ದೊಡ್ಡ ಮಕ್ಕಳಿಗೆ ಅದೇ ಗುಲಾಬಿ-ನೀಲಿ

ನಾಮಕರಣದ ಉಡುಗೊರೆಗಾಗಿ ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ಮಕ್ಕಳ ಬಟ್ಟೆ ಅಂಗಡಿಯೊಂದಕ್ಕೆ ಹೋಗಿದ್ದೆ. ಇಲ್ಲಿ ವರ್ಷದೊಳಗಿನ ಮಕ್ಕಳ ಜಬಲಾ, ಕುಲಾವಿಗಳನ್ನು ಗಂಡು-ಹೆಣ್ಣೆಂದು ವಿಂಗಡಿಸದೆ ತಿಂಗಳ ಲೆಕ್ಕದಲ್ಲಿ ಜೋಡಿಸಿಟ್ಟಿದ್ದಾರೆ. ಮಾರುವ ಮಹಿಳೆ ಮೊದಲು ಕೇಳಿದ್ದು ಮಗುವಿಗೆ ಎಷ್ಟು ತಿಂಗಳು, ಮನೆ ಯಾವ ಕಡೆ ಎಂದು. ತೀರ್ಥಹಳ್ಳಿ ಕಡೆ ಎಂದಾಗ ದಪ್ಪ ಬಟ್ಟೆಯನ್ನು ಬದಿಗಿಟ್ಟು, ಲಾಡಿ ಕಟ್ಟುವ ತೆಳು ಹತ್ತಿಯ ಬಿಳಿ ಜಬಲಾಗಳನ್ನು ತೆಗೆದರು. ಮಳೆಗಾಲದಲ್ಲಿ ಬಚ್ಚಲೊಲೆಯ ಕಾವಿನಲ್ಲೇ ಬಟ್ಟೆ ಒಣಗಿಸುವ, ಒಣಗದಿದ್ದರೆ ಬೂಸ್ಟು ಹಿಡಿಯುವ ಮನೆಗಳಿಗೆ ಬೇಗ ಒಣಗುವ, ಕುದಿನೀರನ್ನು ತಾಳುವ ಬಟ್ಟೆಯೇ ಸರಿ.

19ನೇ ಶತಮಾನದ ಅಮೆರಿಕದಲ್ಲೂ ಕುದಿನೀರಿನಲ್ಲಿ ಒಗೆಯಬಹುದೆಂಬ ಕಾರಣಕ್ಕೆ ಗಂಡು, ಹೆಣ್ಣು ಮಕ್ಕಳಿಬ್ಬರಿಗೂ ಐದಾರು ವರ್ಷದವರೆಗೆ ಬಿಳಿ ಫ್ರಾಕನ್ನೇ ತೊಡಿಸುತ್ತಿದ್ದರು. ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ 1884ರ ಬಾಲ್ಯದ ಚಿತ್ರದಲ್ಲಿ ಅವರು ತೊಟ್ಟಿರುವುದೂ ಅದನ್ನೇ. 1918ರಲ್ಲಿ ಅಲ್ಲಿನ ಬಟ್ಟೆ ವ್ಯಾಪಾರಿಗಳ ಪತ್ರಿಕೆಯೊಂದು, ಗುಲಾಬಿ ಗಟ್ಟಿ ಬಣ್ಣವಾದ್ದರಿಂದ ಹುಡುಗರಿಗೆ, ನೀಲಿ ನವಿರಾದ್ದರಿಂದ ಹುಡುಗಿಯರಿಗೆ ಎಂದು ಬರೆದಿತ್ತು. ಇದಕ್ಕೆ ವಿರುದ್ಧವಾದ ರೂಢಿಯೂ ಆ ಕಾಲದಲ್ಲಿತ್ತು. ಯಾವ ಬಣ್ಣ ಯಾರಿಗೆಂದು 1927ರಲ್ಲಿ ಟೈಮ್ ಪತ್ರಿಕೆ ಪ್ರಕಟಿಸಿದ ಪಟ್ಟಿಯಲ್ಲಿ ದೊಡ್ಡ ಅಂಗಡಿಗಳೇ ಒಂದು ಮಾತಿಗೆ ಬಂದಿರಲಿಲ್ಲ. ಹುಡುಗಿಗೆ ಗುಲಾಬಿ, ಹುಡುಗನಿಗೆ ನೀಲಿ ಎಂಬ ಈಗಿನ ಕ್ರಮ ಗಟ್ಟಿಯಾದದ್ದು 1940ರ ದಶಕದ ನಂತರ. ಹೆರಿಗೆಗೆ ಮುನ್ನವೇ ಮಗು ಯಾವುದೆಂದು ತಿಳಿಯುವಂತಾದ 1980ರ ದಶಕದಲ್ಲಿ ಅದು ಅಲ್ಲಿ ಇನ್ನಷ್ಟು ಬಿಗಿಯಾಯಿತೆಂದು ಈ ಚರಿತ್ರೆಯನ್ನು ಅಧ್ಯಯನ ಮಾಡಿದ ಜೋ ಪಾವೊಲೆಟ್ಟಿ ಹೇಳುತ್ತಾರೆ. 1994ರ ಕಾಯ್ದೆಯಿಂದಾಗಿ ಭ್ರೂಣದ ಲಿಂಗವನ್ನು ತಿಳಿಸುವಂತೆಯೇ ಇಲ್ಲದ, ಹುಟ್ಟಿದ ಮಗುವನ್ನು ಹಳೆಯ ಮೆತ್ತನೆಯ ಸೀರೆಯಲ್ಲಿ ಸುತ್ತುವ ನಮ್ಮ ಕಡೆಯಲ್ಲಿ ಈ ವಿಂಗಡಣೆಗೆ ಯಾವ ಆಧಾರವೂ ನನಗೆ ಕಾಣುವುದಿಲ್ಲ.

ಅದಕ್ಕೇ ಮಹಡಿ ಹತ್ತಿದಾಗ ಬೇಸರವಾಯಿತು. ಎರಡು ವರ್ಷ ದಾಟಿದವರ ವಿಭಾಗದಲ್ಲಿ ಒಂದು ಗೋಡೆ ಪೂರ್ತಿ ಗುಲಾಬಿ, ಎದುರಿನದು ನೀಲಿ ಮತ್ತು ಬೂದು. ಹಳದಿ ಅಂಗಿ ಬೇಕೆಂದು ಹಟ ಹಿಡಿದಿದ್ದ ಹುಡುಗನೊಬ್ಬನಿಗೆ ಅವನ ಅಳತೆಯದು ಸಿಕ್ಕಿದ್ದು ಹುಡುಗಿಯರ ಸಾಲಿನಲ್ಲಿ, ಅದೂ ಕತ್ತಿನ ಸುತ್ತ ನೆರಿಗೆಯಿದ್ದದ್ದು. ಕೆಳಗೆ ಅಷ್ಟು ವಿವೇಕದಿಂದ ಬಟ್ಟೆ ಜೋಡಿಸಿದವರು ಮೇಲೆಯೂ ಅಳತೆ ಮತ್ತು ನೂಲಿನ ಪ್ರಕಾರವೇ ಜೋಡಿಸಬೇಕು ಎಂದು ಅವರಿಗೆ ಹೇಳಿಯೇ ಬಂದೆ.

ಬೆಲೆ ಹೊರೆಯೆನಿಸಲಿಲ್ಲ, ಹೊಲಿಗೆಯ ಅಂಚು ಮಗುವಿನ ಮೈಗೆ ತಾಗದಂತೆ ಮಡಿಸಿದೆ. ಬಾಣಂತಿಯಿರುವ ಮನೆಯವರು ಇಲ್ಲಿ ಧಾರಾಳವಾಗಿ ಕೊಳ್ಳಬಹುದು. ಬಣ್ಣದ ಜಬಲಾ ಆರಿಸುವವರು ಮಾತ್ರ ಅದನ್ನು ಮೊದಲ ಸಲ ಬೇರೆಯಾಗಿಯೇ ಒಗೆಯಬೇಕು.