ಬೇಲಿಗೂ ಬೊಡ್ಡೆಗೂ ಒಂದೇ ಗೇಣು: ಮೆಷಿನ್ ಕರೆಸಿ ತೆಗೆಸಿದ ಅನುಭವ

ನೀಲಗಿರಿ ಮರ ಕಡಿಸಿ ಎರಡು ವರ್ಷವಾಗಿತ್ತು. ಬೊಡ್ಡೆ ಮಾತ್ರ ಹಾಗೇ ಉಳಿದಿತ್ತು. ನೆಲದ ಮಟ್ಟದಲ್ಲಿ 55 ಸೆಂಟಿಮೀಟರ್ ಅಗಲ, ಮರದ ಬೇಲಿಯಿಂದ ಸರಿಯಾಗಿ ಒಂದು ಗೇಣು ದೂರ. ಸುಮ್ನೆ ಬಿಟ್ಟರೆ ತಾನೇ ಕೊಳೆತು ಹೋಗುತ್ತದೆ ಅಂದುಕೊಂಡಿದ್ದೆ. ನೀಲಗಿರಿ ಅಷ್ಟು ಸುಲಭಕ್ಕೆ ಸಾಯುವ ಮರ ಅಲ್ಲ. ಪ್ರತಿ ಮಳೆಗೂ ಬುಡದ ಸುತ್ತ ಹೊಸ ಚಿಗುರು. ಮುರಿದಷ್ಟೂ ಮತ್ತೆ ಬರುತ್ತಿತ್ತು. ಒಂದು ಸಂಜೆ ಅಮ್ಮ ಅದಕ್ಕೆ ಎಡವಿ ಬಿದ್ದು ಮಂಡಿ ತರಚಿಕೊಂಡರು. ಇನ್ನು ಇದನ್ನು ಇಟ್ಟುಕೊಳ್ಳಬಾರದು ಅಂತ ಅವತ್ತೇ ತೀರ್ಮಾನಿಸಿದೆ.

ಮೊದಲು ನಾನೇ ಗುದ್ದಲಿ, ಹಾರೆ ಹಿಡಿದು ಎರಡು ಭಾನುವಾರ ಅಗೆದೆ. ಮೂರು ಬೇರು ಕತ್ತರಿಸಿದ್ದಾಯಿತು. ನಾಲ್ಕನೆಯದು ನನ್ನ ತೋಳಿನಷ್ಟು ದಪ್ಪ, ನೇರವಾಗಿ ಬೇಲಿಯ ಕಂಬದ ಅಡಿಗೇ ಹೋಗಿತ್ತು. ಹಾರೆ ಹಾಕಿ ಮೀಟಿದರೆ ಬೇರಿನ ಜೊತೆ ಕಂಬವೂ ಮೇಲೆದ್ದಿತು. ಕೈಬಿಟ್ಟೆ. ತೂತು ಕೊರೆದು ಪೊಟ್ಯಾಸಿಯಂ ನೈಟ್ರೇಟ್ ತುಂಬಿ ಕೊಳೆಸುವ ದಾರಿಯೂ ಇದೆ. ಆದರೆ ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಕೆಲವರು ಕೊನೆಗೆ ಬೆಂಕಿ ಹಾಕಿ ಸುಡುತ್ತಾರೆ. ಗೇಣು ದೂರದಲ್ಲಿ ಒಣಗಿದ ಹಲಗೆಯ ಬೇಲಿ ಇರುವಾಗ ಅದನ್ನು ಯೋಚಿಸುವುದೂ ತಪ್ಪು.

ನೋಡಲು ಬಂದ ಮೊದಲನೆಯವರು ಅಗೆಯುವ ಯಂತ್ರ ತಂದು ಚೈನ್ ಕಟ್ಟಿ ಎಳೆದುಬಿಡೋಣ, ಅರ್ಧ ಗಂಟೆ ಕೆಲಸ ಅಂದರು. ಎಳೆದರೆ ಬೊಡ್ಡೆಯೊಂದೇ ಬರುವುದಿಲ್ಲ ಅಲ್ವಾ? ಬೇರು ಹಿಡಿದುಕೊಂಡ ಮಣ್ಣೂ ಕಿತ್ತು ಬರುತ್ತದೆ. ಆ ಮಣ್ಣಿನ ಮೇಲೇ ನಮ್ಮ ಬೇಲಿ ನಿಂತಿರುವುದು. ಬೇಡ ಅಂದೆ.

ಎರಡನೆಯವರು ಬೊಡ್ಡೆಯನ್ನು ಇದ್ದಲ್ಲೇ ಪುಡಿ ಮಾಡುವ ಮೆಷಿನ್ ಇಟ್ಟುಕೊಂಡವರು. ನಾನು ಬರೆಯುತ್ತಿರುವುದು ಇವರ ಬಗ್ಗೆ. ಕೆಲಸ ಇಷ್ಟವಾಗಿದ್ದು ಮೆಷಿನ್‌ಗಿಂತ ಜಾಸ್ತಿ ಅದನ್ನು ಓಡಿಸಿದವರ ಎಚ್ಚರಿಕೆಯಿಂದ. ಹಿಂದಿನ ದಿನವೇ ಬಂದು ನೋಡಿದರು. ಗೇಟಿನ ಅಗಲ ಅಳೆದರು, 82 ಸೆಂಟಿಮೀಟರ್. ಮೆಷಿನ್ 75, ಹಾಗಾಗಿ ಒಳಗೆ ಬರುತ್ತದೆ ಅಂದರು. ನೀರಿನ ಪೈಪ್ ಎಲ್ಲಿ ಹಾದಿದೆ, ಕರೆಂಟ್ ವೈರ್ ನೆಲದಲ್ಲಿದೆಯಾ ಅಂತ ಕೇಳಿದರು. ನನ್ನ ಉತ್ತರವನ್ನಷ್ಟೇ ನಂಬಿ ಹೋಗಲಿಲ್ಲ. ಸಣ್ಣ ಕಬ್ಬಿಣದ ಸಲಾಕೆಯಿಂದ ಸುತ್ತಲೂ ಮೆಲ್ಲಗೆ ಚುಚ್ಚಿ ನೋಡಿದರು.

ಆಮೇಲೆ ಲೋಹ ಪತ್ತೆ ಮಾಡುವ ಒಂದು ಕೋಲನ್ನು ಬೊಡ್ಡೆಯ ಮೇಲೆ ಆಡಿಸಿದರು. ಬೇಲಿಯ ಕಡೆ ಒಂದು ಜಾಗದಲ್ಲಿ ಅದು ಕಿರುಗುಟ್ಟಿತು. "ಇಲ್ಲಿ ಏನಾದರೂ ಹೊಡೆದಿದ್ದಿರಾ ಸಾರ್?" ಅಂದರು. ನನಗೆ ನೆನಪೇ ಇರಲಿಲ್ಲ. ಅಮ್ಮ ಹೇಳಿದರು: ಈ ಬೇಲಿಗಿಂತ ಮುಂಚೆ ತಂತಿ ಬೇಲಿ ಇದ್ದಾಗ ಒಂದು ಕಂಬ ಕಡಿಮೆ ಬಿದ್ದು, ಅಪ್ಪ ತಂತಿಯನ್ನು ಮರಕ್ಕೇ ಮೊಳೆ ಹೊಡೆದು ಬಿಗಿದಿದ್ದರಂತೆ. ಅವರು ಕೊಡಲಿಯಿಂದ ಆ ಜಾಗ ಬಿಡಿಸುತ್ತಾ ಹೋದರು. ನಾಲ್ಕು ಬೆರಳು ಒಳಗೆ ಮರದ ಬಣ್ಣವೇ ಬೇರೆ. ಶಾಯಿ ಚೆಲ್ಲಿದ ಹಾಗೆ ನೀಲಿಗಪ್ಪು ಕಲೆ, ನಡುವೆ ಎರಡು ಮೊಳೆ, ಒಂದು ಗೇಣು ತುಕ್ಕು ಹಿಡಿದ ತಂತಿ. ಮರ ಅದನ್ನು ಪೂರ್ತಿ ನುಂಗಿಬಿಟ್ಟಿತ್ತು. ಅಮ್ಮ ತಂತಿಯನ್ನು ಕೈಗೆ ತೆಗೆದುಕೊಂಡು ತುಂಬಾ ಹೊತ್ತು ನೋಡಿದರು. ಎಸೆಯಲು ಬಿಡಲಿಲ್ಲ.

ಮೆಷಿನ್ ಚಕ್ರದ ಹಲ್ಲುಗಳ ತುದಿಗೆ ಕಾರ್ಬೈಡ್ ಇರುತ್ತದೆ. ತುಂಬಾ ಗಟ್ಟಿ, ಆದರೆ ಕಬ್ಬಿಣಕ್ಕೆ ಬಡಿದರೆ ಚಕ್ಕೆ ಏಳುತ್ತದೆ. ಆ ಚೂರು ಎತ್ತ ಹಾರುತ್ತದೋ ಹೇಳಲಾಗದು. ಆ ಒಂದು ತಪಾಸಣೆಗೇ ನನ್ನ ಅರ್ಧ ಅಂಕ ಅವರಿಗೆ.

ಮರುದಿನ ಗರಗಸದ ಮೆಷಿನ್‌ನಿಂದ ಬೊಡ್ಡೆಯನ್ನು ನೆಲದ ಮಟ್ಟಕ್ಕೆ ಕೊಯ್ದರು. ಬೇಲಿಗೆ ಎರಡು ಪ್ಲೈವುಡ್ ಹಲಗೆ ಒರಗಿಸಿ ಹಗ್ಗದಿಂದ ಕಂಬಕ್ಕೆ ಬಿಗಿದರು. ನಮ್ಮನ್ನೆಲ್ಲ ಒಳಗೆ ಕಳಿಸಿದರು. ಚಕ್ರ ನೇರವಾಗಿ ಕೆಳಗೆ ಇಳಿಯುವುದಿಲ್ಲ. ಎಡಕ್ಕೂ ಬಲಕ್ಕೂ ಓಡಾಡುತ್ತಾ ತೆಳ್ಳಗೆ ಕೆರೆಯುತ್ತಾ ಹೋಗುತ್ತದೆ. ಕಿಟಕಿ ಮುಚ್ಚಿದ್ದರೂ ನೀಲಗಿರಿ ಎಣ್ಣೆಯ ವಾಸನೆ ಮನೆ ತುಂಬಾ. ಸದ್ದು ಜೋರಾಗಿಯೇ ಇರುತ್ತದೆ, ಪಕ್ಕದ ಮನೆಯವರಿಗೆ ಮುಂಚೆಯೇ ಹೇಳಿಟ್ಟಿದ್ದು ಒಳ್ಳೆಯದಾಯಿತು. ಒಂದು ಗಂಟೆ ನಲವತ್ತು ನಿಮಿಷದಲ್ಲಿ 30 ಸೆಂಟಿಮೀಟರ್ ಆಳಕ್ಕೆ ಬೊಡ್ಡೆಯ ಸುಳಿವೇ ಇರಲಿಲ್ಲ. ಚಿಗುರು ಹೊರಡುವ ಬುಡದ ಗಂಟು ಪೂರ್ತಿ ಹೋಯಿತು.

ಕಂಬದಡಿಯ ಬೇರಿಗೆ ಮೆಷಿನ್ ಹಚ್ಚಲೇ ಇಲ್ಲ. ಕಂಬದ ಈಚೆಗೆ ಕೈಗರಗಸದಿಂದ ಕೊಯ್ದು, ಅಡಿಯಲ್ಲಿದ್ದ ತುಂಡನ್ನು ಹಾಗೇ ಬಿಟ್ಟರು. "ಈಗ ಕಿತ್ತರೆ ಕಂಬ ವಾಲುತ್ತೆ. ಅದು ಕೊಳೆತ ಮೇಲೆ ಜಾಗ ಪೊಳ್ಳಾಗುತ್ತೆ, ಆಗ ಜಲ್ಲಿ ಹಾಕಿ ಗಟ್ಟಿಯಾಗಿ ದಮ್ಮಸ್ ಮಾಡಿ" ಅಂದರು. ಇಷ್ಟು ಮುಂದಾಲೋಚನೆ ನಾನು ನಿರೀಕ್ಷಿಸಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಬೇಸರವಾಯಿತು. ಪುಡಿಯ ಬಗ್ಗೆ ಮೊದಲೇ ಒಂದು ಮಾತೂ ಹೇಳಿರಲಿಲ್ಲ. ಅಷ್ಟು ಬೊಡ್ಡೆಯಿಂದ ಇಷ್ಟು ಪುಡಿ ಬರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಗುಂಡಿಗೆ ಎಳೆದು ತುಂಬಿ, ಉಳಿದಿದ್ದನ್ನು ಅದರ ಮೇಲೇ ಗುಡ್ಡೆ ಹಾಕಿ ಹೊರಟರು. ಹಾಗೆ ಬಿಟ್ಟರೆ ಆಗುವುದಿಲ್ಲ. ಮರದ ಪುಡಿ ಕೊಳೆಯುತ್ತಾ ಕುಸಿಯುತ್ತದೆ. ಕೊಳೆಯುವಾಗ ಸುತ್ತಲಿನ ಮಣ್ಣಿನ ಸಾರಜನಕವನ್ನೂ ಎಳೆದುಕೊಳ್ಳುತ್ತದೆ, ಅಲ್ಲಿ ನೆಟ್ಟ ಗಿಡ ಹಳದಿಯಾಗುತ್ತದೆ. ನಾನೇ ಮರುದಿನ ಹದಿನಾಲ್ಕು ಬುಟ್ಟಿ ಹೊತ್ತು ತೆಗೆದೆ. ಸೊಂಟ ಹಿಡಿದುಕೊಂಡಿತು. ಫೋನ್ ಮಾಡಿ ಕೇಳಿದಾಗ, ಪುಡಿ ಸಾಗಿಸುವುದು ಬೇರೆ ಕೆಲಸ, ಹೇಳಬೇಕಿತ್ತು, ತಪ್ಪಾಯಿತು ಅಂದರು. ನೀವು ಯಾರನ್ನೇ ಕರೆಸಿದರೂ ಇದನ್ನು ಮುಂಚೆಯೇ ಮಾತಾಡಿಕೊಳ್ಳಿ. ಎಷ್ಟು ಆಳಕ್ಕೆ ತೆಗೆಯುತ್ತಾರೆ ಅಂತಲೂ ಕೇಳಿ. ಹುಲ್ಲು ಬೆಳೆಸಲು 15 ಸೆಂಟಿಮೀಟರ್ ಸಾಕು, ಗಿಡ ನೆಡಬೇಕೆಂದರೆ ಸಾಲದು.

ಇನ್ನೊಂದು ಬೊಡ್ಡೆ ಇದ್ದಿದ್ದರೆ ಖಂಡಿತ ಇವರನ್ನೇ ಕರೆಯುತ್ತಿದ್ದೆ. ಐದರಲ್ಲಿ ನಾಲ್ಕು ಕೊಡುತ್ತೇನೆ, ಆ ಒಂದು ಹೋಗಿದ್ದು ಪುಡಿಗೆ.

ಈಗ ಐದು ತಿಂಗಳಾಯಿತು. ಗುಂಡಿಗೆ ತುಂಬಿದ ಮಣ್ಣು ಎರಡು ಸಲ ಕುಸಿದಿದೆ, ಎರಡು ಸಲವೂ ಮೇಲೆ ಹಾಕಿದ್ದೇನೆ. ಬುಟ್ಟಿಯಲ್ಲಿ ಹೊತ್ತ ಪುಡಿಯನ್ನೆಲ್ಲ ತೋಟದ ಕಾಲುದಾರಿಗೆ ಹಾಸಿದೆ, ಮಳೆಯಲ್ಲೂ ಅಲ್ಲಿ ಕೆಸರಾಗುತ್ತಿಲ್ಲ. ಒಂದೂ ಚಿಗುರು ಬಂದಿಲ್ಲ. ಬೇಲಿಯ ಹಲಗೆಗಳಲ್ಲಿ ಒಂದು ಗೀರೂ ಇಲ್ಲ. ಕಂಬವನ್ನು ವಾರಕ್ಕೊಮ್ಮೆ ಕೈಯಿಂದ ಅಲುಗಾಡಿಸಿ ನೋಡುತ್ತೇನೆ, ಸದ್ಯಕ್ಕೆ ಗಟ್ಟಿಯಾಗಿದೆ.